ಕೆರೆ ಏರಿಯಿಂದ ಕನ್ನಂಬಾಡಿ ಕಟ್ಟೆವರೆಗೆ: ನೀರಿನ ಒತ್ತಡ ಮತ್ತು ನಮ್ಮ ಎಂವಿ

ಸೆಪ್ಟೆಂಬರ್ 15 ಬಂತು ಅಂದ್ರೆ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಒಂದೇ ದೃಶ್ಯ. ಮೈಸೂರು ಪೇಟ ಇಟ್ಕೊಂಡ ಒಂದು ಫೋಟೋ, ಅದಕ್ಕೊಂದು ಹಾರ, ಒಂದು ಭಾಷಣ, ಕೊನೆಗೆ ಟೀ ಬಿಸ್ಕತ್ತು. ಅವತ್ತು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಕಥೆ ಗ್ಯಾರಂಟಿ ಬರುತ್ತೆ. ಒಂದು ಮೇಣದಬತ್ತಿ ಕಥೆ, ಇನ್ನೊಂದು ರೈಲು ಹಳಿ ಕಥೆ. ಅವೆರಡನ್ನೂ ಈ ಲೇಖನದಲ್ಲಿ ನಾವು ಹೇಳಲ್ಲ. ಅವು ನಿಮಗೆ ಆಗಲೇ ಗೊತ್ತು.

ನಾವು ಹೇಳೋದು ಬೇರೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಬದುಕನ್ನು ಒಂದೇ ಒಂದು ವಿಷಯ ಹಿಡ್ಕೊಂಡು ನೋಡಿದ್ರೆ ಹೇಗಿರುತ್ತೆ? ಆ ವಿಷಯ ನೀರಿನ ಒತ್ತಡ. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದ ಮೊದಲ ಎರಡು ಚಾಪ್ಟರ್. ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಮರೆತುಬಿಡೋ ಆ ಸಣ್ಣ ಸೂತ್ರ ಒಬ್ಬ ಮನುಷ್ಯನ ಇಡೀ ವೃತ್ತಿಜೀವನದ ಉದ್ದಕ್ಕೂ ಹೇಗೆ ಜೊತೆಗೆ ಬಂತು ಅನ್ನೋದು ನಿಜಕ್ಕೂ ಕುತೂಹಲದ ಸಂಗತಿ.

ಮೊದಲು ಸೂತ್ರ, ಆಮೇಲೆ ಮನುಷ್ಯ

ನಮ್ಮ ಕಡೆಯ ಉದಾಹರಣೆಯಿಂದಲೇ ಶುರು ಮಾಡೋಣ. ತುಮಕೂರಿಂದ ಶಿರಾ ಕಡೆ ಹೈವೇಯಲ್ಲಿ ಹೋಗುವಾಗ ಕಳ್ಳಂಬೆಳ್ಳ ಸಿಗುತ್ತೆ. ಅಲ್ಲೊಂದು ದೊಡ್ಡ ಹಳೇ ಕೆರೆ ಇದೆ. ಯಾವುದೇ ಹಳೇ ಕೆರೆ ಏರಿಯನ್ನ ಅಡ್ಡಡ್ಡ ಕತ್ತರಿಸಿದ ಹಾಗೆ ಕಲ್ಪಿಸಿಕೊಳ್ಳಿ. ಮೇಲೆ ಎತ್ತಿನಗಾಡಿ ಹೋಗೋಷ್ಟು ಅಗಲ, ಕೆಳಗೆ ಹೋಗ್ತಾ ಹೋಗ್ತಾ ಅಗಲ ಜಾಸ್ತಿ. ಏರಿ ಕಟ್ಟಿದ ಮಣ್ಣೊಡ್ಡರು ಯಾವ ಕಾಲೇಜಿಗೂ ಹೋಗಿರಲಿಲ್ಲ. ಆದರೆ ನೀರು ಮೇಲೆ ಮೆತ್ತಗೆ, ಕೆಳಗೆ ಜೋರಾಗಿ ತಳ್ಳುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಷ್ಟು ಜೋರು? ಲೆಕ್ಕ ಬಹಳ ಸುಲಭ. ನೀರಿನಲ್ಲಿ ಒಂದು ಮೀಟರ್ ಕೆಳಗೆ ಇಳಿದ್ರೆ ಪ್ರತಿ ಚದರ ಮೀಟರಿಗೆ ಒಂದು ಟನ್ ತೂಕದಷ್ಟು ಒತ್ತಡ ಹೆಚ್ಚುತ್ತೆ. ಏರಿ ಪಕ್ಕ ನೀರು 5 ಮೀಟರ್ ಆಳ ಇದೆ ಅಂದ್ಕೊಳ್ಳಿ. ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 5 ಟನ್. ಸರಾಸರಿ ಎರಡೂವರೆ. ಅದನ್ನ 5 ಮೀಟರ್ ಎತ್ತರಕ್ಕೆ ಗುಣಿಸಿದ್ರೆ, ಏರಿಯ ಪ್ರತಿ ಒಂದು ಮೀಟರ್ ಉದ್ದವನ್ನ ನೀರು ಹನ್ನೆರಡೂವರೆ ಟನ್ ಬಲದಿಂದ ತಳ್ತಾ ಇರುತ್ತೆ. ಹಗಲು ರಾತ್ರಿ, ಬಿಡುವಿಲ್ಲದೆ.

ಈಗ ಆಳವನ್ನ ಎರಡು ಪಟ್ಟು ಮಾಡಿ, 10 ಮೀಟರ್. ತಳ್ಳೋ ಬಲ ಎರಡು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತೆ. 50 ಟನ್. ಕಟ್ಟೆಯನ್ನ ಮಗುಚಿ ಹಾಕೋಕೆ ನೋಡೋ ತಿರುಗುಬಲ ಇನ್ನೂ ಹೆಚ್ಚು, ಎಂಟು ಪಟ್ಟು. ಕೆರೆಯನ್ನ ಒಂದು ಅಡಿ ಎತ್ತರಿಸೋಣ ಅಂತ ಯಾರಾದ್ರೂ ಸುಲಭವಾಗಿ ಹೇಳಿದಾಗ ಈ ಲೆಕ್ಕ ನೆನಪಿರಲಿ.

ಇನ್ನೊಂದು ವಿಚಿತ್ರ. ಕೆರೆ ಎಷ್ಟು ದೊಡ್ಡದು ಅನ್ನೋದಕ್ಕೂ ಏರಿ ಮೇಲಿನ ಒತ್ತಡಕ್ಕೂ ಸಂಬಂಧವೇ ಇಲ್ಲ. ಏರಿ ಹಿಂದೆ ನೂರು ಅಡಿ ನೀರು ಹರಡಿದ್ರೂ ಅಷ್ಟೇ, ನೂರು ಎಕರೆ ಹರಡಿದ್ರೂ ಅಷ್ಟೇ. ಆಳ ಒಂದೇ ಮುಖ್ಯ. ಮೊದಮೊದಲು ಇದನ್ನ ಯಾರೂ ನಂಬಲ್ಲ. 1586ರಲ್ಲಿ ಸೈಮನ್ ಸ್ಟೆವಿನ್ ಅನ್ನೋ ಡಚ್ ಇಂಜಿನಿಯರ್ ಇದನ್ನ ಬರೆದಿಟ್ಟ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಅದನ್ನ ಇನ್ನೂ ಸ್ಪಷ್ಟ ಮಾಡಿದ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದ್ರೆ ಆ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ ಹೋಗುತ್ತೆ ಅನ್ನೋದು ಅವನ ನಿಯಮ. ಇವತ್ತು ಊರಲ್ಲಿ ಹೂಳೆತ್ತೋ ಜೆಸಿಬಿ ಕೈ ಎತ್ತೋದು ಇದೇ ನಿಯಮದಿಂದ. ಒತ್ತಡದ ಅಳತೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಮಧುಗಿರಿ, ಪಾವಗಡ ಕಡೆಯವರಿಗೆ ಇನ್ನೊಂದು ಉದಾಹರಣೆ ಬೇಕೇ? ಸಾವಿರ ಅಡಿ ಬೋರ್‌ವೆಲ್. ಅಂದ್ರೆ ಸುಮಾರು 305 ಮೀಟರ್. ತಳದಿಂದ ನೀರು ಮೇಲೆ ಬರಬೇಕು ಅಂದ್ರೆ ಸಬ್‌ಮರ್ಸಿಬಲ್ ಪಂಪು ಪ್ರತಿ ಚದರ ಸೆಂಟಿಮೀಟರಿಗೆ 30 ಕಿಲೋಗಿಂತ ಹೆಚ್ಚು ಒತ್ತಡ ಹುಟ್ಟಿಸಬೇಕು. ಕೆಳಗಿನ ಪೈಪಿನ ಮೇಲೆ ಬೀಳೋ ಒತ್ತಡವೇ ಅತಿ ಹೆಚ್ಚು.

ಇಷ್ಟು ಸಾಕು. ಈಗ ಮನುಷ್ಯನ ಕಡೆ ಬರೋಣ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡ್ರು. ಓದು ಚಿಕ್ಕಬಳ್ಳಾಪುರದಲ್ಲಿ ಶುರುವಾಗಿ ಬೆಂಗಳೂರಿಗೆ ಬಂತು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನೋಡ್ಕೊಂಡ್ರು. 1881ರಲ್ಲಿ ಬಿಎ ಮುಗೀತು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಹೋದ್ರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ.

1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ ಸಿಕ್ತು. ಆಗ ಅವರಿಗೆ ನಮಗಿಂತ ಮೂರು ನಾಲ್ಕು ವರ್ಷ ಹೆಚ್ಚು ವಯಸ್ಸು, ಅಷ್ಟೇ. ಮೊದಮೊದಲ ಕೆಲಸಗಳಲ್ಲಿ ಒಂದು ಧುಳೆ ಕಡೆಯ ಪಾಂಝರಾ ನದಿಯಲ್ಲಿ ಬಂತು. ಕಾಲುವೆ ನೀರು ನದಿಯ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಬೇಕು. ಸೇತುವೆ ಕಟ್ಟಿ ಮೇಲಿಂದ ಸಾಗಿಸೋದು ಒಂದು ದಾರಿ. ಪೈಪನ್ನ ನದಿಯ ಅಡಿಯಿಂದ ತೂರಿಸಿ ಆಚೆ ದಡದಲ್ಲಿ ಮೇಲಕ್ಕೆ ತರೋದು ಇನ್ನೊಂದು ದಾರಿ. ಇದನ್ನ ಸೈಫನ್ ಅಂತ ಕರೀತಾರೆ.

ಕೆಳಗೆ ಇಳಿದ ನೀರು ಮತ್ತೆ ಮೇಲೆ ಹತ್ತೋದು ಹೇಗೆ, ಅದೂ ಪಂಪಿಲ್ಲದೆ? ಇಲ್ಲೇ ನಮ್ಮ ಸೂತ್ರ ಕೆಲಸ ಮಾಡೋದು. ಈ ದಡದಲ್ಲಿರೋ ನೀರಿನ ಕಂಬ ಪೈಪಿನ ತಳದಲ್ಲಿ ಒತ್ತಡ ಹುಟ್ಟಿಸುತ್ತೆ. ಆ ಒತ್ತಡವೇ ಆಚೆ ದಡದ ನೀರನ್ನ ಮೇಲಕ್ಕೆ ತಳ್ಳುತ್ತೆ. ಆಚೆ ಬಾಯಿ ಈಚೆ ಬಾಯಿಗಿಂತ ಸ್ವಲ್ಪ ತಗ್ಗಿನಲ್ಲಿದ್ರೆ ಸಾಕು, ನೀರು ತಾನೇ ಹರಿಯುತ್ತೆ. ಆದರೆ ನದಿಯ ಅಡಿಯಲ್ಲಿರೋ ಪೈಪು ಗಟ್ಟಿಯಾಗಿರಬೇಕು, ಜಾಯಿಂಟುಗಳು ಬಿಗಿಯಾಗಿರಬೇಕು. ಯಾಕಂದ್ರೆ ಅತಿ ಹೆಚ್ಚು ಒತ್ತಡ ಅಲ್ಲೇ.

ಮಳೆಗಾಲ ಬಂತು, ನದಿ ಉಕ್ಕಿ ಹೂಳು ತಂದು ಸುರೀತು. ಕೆಲಸ ಸ್ವಲ್ಪ ದಿನ ನಿಲ್ಲಿಸೋಣ ಅಂತ ಯುವ ಇಂಜಿನಿಯರ್ ಕೇಳಿಕೊಂಡಿದ್ದು ಮೇಲಿನ ಅಧಿಕಾರಿಗೆ ಹಿಡಿಸಲಿಲ್ಲ. ವಿಶ್ವೇಶ್ವರಯ್ಯನವರು ಮತ್ತೆ ವಾದ ಮಾಡಲಿಲ್ಲ, ಆ ಮಳೆಯಲ್ಲೇ ಕೆಲಸ ಮುಗಿಸಿದ್ರು. ಕೆಲಸ ಶುರುವಾಗಿ ಹೆಚ್ಚು ದಿನ ಆಗದ ಒಬ್ಬ ಹುಡುಗನ ಮೇಲೆ ಎಷ್ಟು ಒತ್ತಡ ಇದ್ದಿರಬಹುದು ಅಂತ ಯೋಚಿಸಿ. ಇದು ಸೂತ್ರದಲ್ಲಿ ಬರದ ಒತ್ತಡ.

ಸಿಂಧೂ ನದಿ ಮತ್ತು ಖಡಕ್‌ವಾಸ್ಲಾ ಬಾಗಿಲು

1890ರ ದಶಕದಲ್ಲಿ ಅವರನ್ನ ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕಳಿಸಿದ್ರು. ಇವತ್ತು ಅದು ಪಾಕಿಸ್ತಾನದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತೆ, ಆದರೆ ನೀರು ಕೆಸರು. ಸೋಸೋ ತೊಟ್ಟಿಗಳನ್ನ ಕಟ್ಟೋಣ ಅಂದ್ರೆ ಪುರಸಭೆ ಹತ್ತಿರ ಅಷ್ಟು ದುಡ್ಡಿಲ್ಲ. ಅವರು ನದಿಯ ಮರಳಿನಲ್ಲೇ ಬಾವಿ ತೋಡಿಸಿದ್ರು. ನದಿ ನೀರು ತನ್ನದೇ ಒತ್ತಡದಿಂದ ಮರಳಿನೊಳಗೆ ಇಳಿದು, ಸೋಸಿಕೊಂಡು, ಬಾವಿಗೆ ಬರುತ್ತೆ. ಅಲ್ಲಿಂದ ಪಂಪಿನಲ್ಲಿ ಊರಿಗೆ. ನಮ್ಮ ಕಡೆ ಒಣಗಿದ ಹಳ್ಳದ ಮರಳಲ್ಲಿ ವರತೆ ತೋಡಿ ತಿಳಿನೀರು ತುಂಬ್ಕೊಳ್ತಾ ಇದ್ದ ಅಜ್ಜಿಯರಿಗೆ ಇದು ಹೊಸದೇನಲ್ಲ. ದೊಡ್ಡ ಇಂಜಿನಿಯರಿಂಗ್ ಅನೇಕ ಸಲ ಇಷ್ಟು ಸರಳವಾಗಿರುತ್ತೆ.

ಅವರ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ಅಲ್ಲಿನ ಜಲಾಶಯ ಪುಣೆಗೆ ನೀರು ಕೊಡ್ತಿತ್ತು. ಮಳೆಗಾಲದಲ್ಲಿ ಕೋಡಿ ಹರಿದು ನೀರೆಲ್ಲ ಹೋಗೋದು, ಬೇಸಿಗೆಯಲ್ಲಿ ಸಾಕಾಗದೇ ಇರೋದು. ಹಾಗಾದ್ರೆ ಕೋಡಿಯ ಗೋಡೆಯನ್ನೇ ಎತ್ತರಿಸಿದ್ರೆ ಆಯ್ತಲ್ಲ ಅಂತ ನಾವು ಅಂದ್ಕೊಳ್ತೀವಿ. ಆಗಲ್ಲ. ಕೋಡಿ ಎತ್ತರಿಸಿದ್ರೆ ದೊಡ್ಡ ಪ್ರವಾಹ ಬಂದಾಗ ನೀರು ಅದರ ಮೇಲೂ ಇನ್ನಷ್ಟು ಅಡಿ ನಿಲ್ಲುತ್ತೆ. ಕಟ್ಟೆ ಅಷ್ಟು ಒತ್ತಡಕ್ಕೆ ಕಟ್ಟಿದ್ದಲ್ಲ.

ಬೇಕಾಗಿದ್ದು ಎರಡು ಗುಣ ಇರೋ ಗೋಡೆ. ಮಾಮೂಲಿ ದಿನ ಗಟ್ಟಿಯಾಗಿ ನಿಂತು ನೀರು ಹಿಡೀಬೇಕು, ಪ್ರವಾಹ ಬಂದಾಗ ದಾರಿ ಬಿಡಬೇಕು. ಅದೂ ನಡುರಾತ್ರಿ, ಮಳೆಯಲ್ಲಿ, ಕಾವಲುಗಾರ ಎದ್ದು ಬರೋದಕ್ಕೂ ಕಾಯದೆ. ಅದಕ್ಕೇ ಅವರು ತಾನಾಗೇ ತೆರೆಯೋ ಬಾಗಿಲು ರೂಪಿಸಿದ್ರು. ಬಾಗಿಲುಗಳಿಗೆ ಸಮತೂಕದ ಭಾರ ಜೋಡಿಸಿರುತ್ತೆ. ನೀರು ಗೊತ್ತುಮಾಡಿದ ಮಟ್ಟ ದಾಟಿದಾಗ ಆ ಸಮತೋಲ ತಪ್ಪಿ ಬಾಗಿಲು ಮೇಲೇಳುತ್ತೆ, ನೀರು ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತೆ. ಯಾವಾಗ ತೆರೀಬೇಕು ಅಂತ ಹೇಳೋದು ಮನುಷ್ಯನಲ್ಲ, ನೀರೇ. 1903ರಲ್ಲಿ ಇವನ್ನ ಅಲ್ಲಿ ಕೂರಿಸಿದ್ರು. ಜಲಾಶಯದ ಮಟ್ಟ ಹಳೇ ಕೋಡಿಗಿಂತ 8 ಅಡಿ ಮೇಲೆ ನಿಲ್ಲೋ ಹಾಗಾಯ್ತು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆದ್ರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೆಆರ್‌ಎಸ್‌ಗೂ ಇದೇ ಬಗೆಯ ಬಾಗಿಲು ಬಂತು.

ಸೆನ್ಸರ್ ಇಲ್ಲ, ಮೋಟರ್ ಇಲ್ಲ, ಕೋಡಿಂಗ್ ಇಲ್ಲ. ನಮ್ಮ ಮಿನಿ ಪ್ರಾಜೆಕ್ಟುಗಳಲ್ಲಿ ಎಲ್ಲದಕ್ಕೂ ಒಂದು ಆರ್ಡುಯಿನೋ ಬೋರ್ಡ್ ತಂದು ಕೂರಿಸೋ ನಮಗೆ ಇದು ನಿಜಕ್ಕೂ ಒಂದು ಪಾಠ.

ಮೂಸಿ ನದಿ ಕಲಿಸಿದ್ದು

ಮುಂಬೈ ಪ್ರಾಂತ್ಯದಲ್ಲಿ ಅವರು ಬಹಳ ಮೇಲೆ ಬಂದಿದ್ರು. ಆದರೆ ತುತ್ತತುದಿಯ ಚೀಫ್ ಇಂಜಿನಿಯರ್ ಹುದ್ದೆ ಆ ಕಾಲದಲ್ಲಿ ಒಬ್ಬ ಭಾರತೀಯನಿಗೆ ಸಿಗೋದು ಕಷ್ಟವಿತ್ತು. 1908ರಲ್ಲಿ ಕೆಲಸ ಬಿಟ್ಟು ವಿದೇಶ ಪ್ರವಾಸ ಹೋದ್ರು. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರೀತು. ಸಾವಿರಾರು ಜನ ಸತ್ತರು, ಊರಿನ ಎಷ್ಟೋ ಭಾಗ ಕೊಚ್ಚಿಹೋಯ್ತು. ನಿಜಾಮರ ಸರ್ಕಾರ ಇವರನ್ನ ಕರೀತು.

ಅವರು ಹೋಗಿ ನೋಡಿದಾಗ ಮಳೆಯ ಲೆಕ್ಕದ ಜೊತೆ ಇನ್ನೊಂದು ಲೆಕ್ಕವೂ ಸಿಕ್ತು. ಮೂಸಿ ಜಲಾನಯನದಲ್ಲಿ ನೂರಾರು ಸಣ್ಣ ಪುಟ್ಟ ಕೆರೆಗಳಿದ್ದವು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಆ ಮಳೆಗೆ ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗುತ್ತೆ. ಅಲ್ಲಿ ಮಟ್ಟ ಏರುತ್ತೆ, ಒತ್ತಡ ಏರುತ್ತೆ, ಏರಿ ಮೇಲೆ ನೀರು ಹರಿದು ಅದೂ ಒಡೆಯುತ್ತೆ. ಹೀಗೆ ಒಂದರ ಹಿಂದೆ ಒಂದು.

ಮಣ್ಣಿನ ಏರಿ ಹೇಗೆ ಒಡೆಯುತ್ತೆ ಅನ್ನೋದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಾಗಿ ಅದು ಎರಡು ದಾರಿಯಲ್ಲಿ ಆಗುತ್ತೆ. ಒಂದು, ಕೋಡಿ ಸಾಲದೆ ನೀರು ಏರಿಯ ಮೇಲೇ ಹರಿದು ಮಣ್ಣನ್ನ ಕೊರೆಯೋದು. ಇನ್ನೊಂದು, ಒಳಗಿಂದ. ಏರಿಯೊಳಗೆ ಹೆಗ್ಗಣದ ಬಿಲವೋ ಒಣಗಿದ ಮರದ ಬೇರೋ ಇದ್ರೆ ನೀರು ಅದನ್ನ ಹುಡುಕುತ್ತೆ. ಒತ್ತಡ ಎಲ್ಲ ದಿಕ್ಕಿಗೂ ಇರೋದ್ರಿಂದ ಯಾವ ತೂತೂ ಅದಕ್ಕೆ ತಪ್ಪಲ್ಲ. ಮೊದಲು ಹನಿ, ಆಮೇಲೆ ಸಣ್ಣ ಧಾರೆ. ಧಾರೆ ಕೆಸರಾಗಿ ಬಂದ್ರೆ ಒಳಗಿನ ಮಣ್ಣು ಹೋಗ್ತಿದೆ ಅಂತ ಅರ್ಥ. ಅದಾದ ಮೇಲೆ ಹೆಚ್ಚು ಹೊತ್ತಿಲ್ಲ. ನಮ್ಮ ಊರುಗಳ ನೀರುಗಂಟಿಗಳು ಮಳೆಗಾಲದಲ್ಲಿ ಏರಿ ಹಿಂಬದಿ ನಡೆದು ನೋಡ್ತಾ ಇದ್ದಿದ್ದು ಇದನ್ನೇ.

ಹೈದರಾಬಾದಿಗೆ ಅವರು ಕೊಟ್ಟ ಪರಿಹಾರ ಊರಿನ ಮೇಲ್ಭಾಗದಲ್ಲಿ ಪ್ರವಾಹವನ್ನ ತಡೆದು ನಿಧಾನವಾಗಿ ಬಿಡೋ ದೊಡ್ಡ ಜಲಾಶಯಗಳು. ಅದರ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ, ಈಸಿ ಹೊಳೆಗೆ ಹಿಮಾಯತ್ ಸಾಗರ ಬಂದವು. ಎಷ್ಟೋ ವರ್ಷ ಆ ಊರಿಗೆ ಕುಡಿಯೋ ನೀರು ಅಲ್ಲಿಂದಲೇ ಬಂತು.

ಕನ್ನಂಬಾಡಿ

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರ್ ಆದ್ರು. ಆಗ ಮೈಸೂರಿಗೆ ಎರಡು ಚಿಂತೆ. ಒಂದು, ಮಂಡ್ಯ ಕಡೆಯ ಮಳೆ ನಂಬಿದ ಒಣಭೂಮಿ. ಇನ್ನೊಂದು, ಕರೆಂಟು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು, ಆದರೆ ಬೇಸಿಗೆಯಲ್ಲಿ ಕಾವೇರಿ ಬತ್ತಿದಾಗ ವಿದ್ಯುತ್ತೂ ಕಡಿಮೆ. ಎರಡಕ್ಕೂ ಒಂದೇ ಉತ್ತರ, ಕನ್ನಂಬಾಡಿ ಹತ್ತಿರ ಒಂದು ದೊಡ್ಡ ಕಟ್ಟೆ. ಸುಮಾರು ಎರಡೂವರೆ ಕೋಟಿ ರೂಪಾಯಿ ಅಂದಾಜು. ಆ ಕಾಲದ ಮೈಸೂರಿಗೆ ಅದು ಎದೆ ನಡುಗಿಸೋ ಮೊತ್ತ. ವಿರೋಧ ಬಂತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟರು, 1911ರಲ್ಲಿ ಕೆಲಸ ಶುರುವಾಯ್ತು. ಮರುವರ್ಷ ವಿಶ್ವೇಶ್ವರಯ್ಯನವರೇ ದಿವಾನರಾದ್ರು.

ಇಲ್ಲಿ ನಮ್ಮ ಸೂತ್ರ ರಾಜಕೀಯದೊಳಗೆ ಬರುತ್ತೆ. ಕೆಳಗಿನ ಮದ್ರಾಸ್ ಪ್ರಾಂತ್ಯ ಈ ಕಟ್ಟೆಗೆ ಒಪ್ಪಲಿಲ್ಲ. ತಂಜಾವೂರಿನ ಗದ್ದೆಗಳು ಕಾವೇರಿಯನ್ನೇ ನಂಬಿದ್ದವು, ಅವರ ಭಯ ಸುಳ್ಳಾಗಿರಲಿಲ್ಲ. ಮೈಸೂರು ಕೇಳಿದ್ದು 41.5 ಟಿಎಂಸಿ, ಮೊದಲು ಸಿಕ್ಕಿದ ಒಪ್ಪಿಗೆ 11 ಟಿಎಂಸಿಗೆ ಮಾತ್ರ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಹಾಗಾದ್ರೆ ಈಗ ಗಿಡ್ಡ ಕಟ್ಟೆ ಕಟ್ಟಿ, ಮುಂದೆ ಒಪ್ಪಿಗೆ ಸಿಕ್ಕಾಗ ಎತ್ತರ ಮಾಡಬಹುದಲ್ವಾ?

ಮನೆ ಮೇಲೆ ಮನೆ ಕಟ್ಟಿದ ಹಾಗೆ ಕಟ್ಟೆ ಎತ್ತರಿಸೋಕೆ ಆಗಲ್ಲ. ಇದು ತೂಕದಿಂದಲೇ ನಿಲ್ಲೋ ಕಟ್ಟೆ. ನೀರು ತಳ್ಳೋ ಬಲವನ್ನ ಕಲ್ಲಿನ ಭಾರವೇ ತಡೀಬೇಕು. ಇಂಥ ಕಟ್ಟೆಯ ತಳದ ಅಗಲ ಎತ್ತರದ ಸುಮಾರು ಮುಕ್ಕಾಲು ಭಾಗ ಬೇಕು ಅನ್ನೋದು ಸ್ಥೂಲ ಲೆಕ್ಕ. ಎತ್ತರ ಹೆಚ್ಚಿದ್ರೆ ತಳವೂ ಅಗಲವಾಗಬೇಕು, ನೀರು ತುಂಬಿದ ಮೇಲೆ ತಳ ಅಗಲ ಮಾಡೋದು ದೊಡ್ಡ ತಲೆನೋವು. ಇದರ ಜೊತೆ ತಳದ ಬಿರುಕಿಗೆ ಸೇರಿದ ನೀರು ಕಟ್ಟೆಯನ್ನ ಕೆಳಗಿಂದ ಮೇಲಕ್ಕೂ ಎತ್ತೋಕೆ ನೋಡುತ್ತೆ. ಅಂದ್ರೆ ಕಟ್ಟೆಯ ಭವಿಷ್ಯ ಅಡಿಪಾಯದಲ್ಲೇ ತೀರ್ಮಾನ ಆಗಿರುತ್ತೆ.

ಮೈಸೂರು ಅಡಿಪಾಯವನ್ನ ಪೂರ್ತಿ ಎತ್ತರಕ್ಕೇ ಹಾಕ್ತು. ಮದ್ರಾಸ್ ಸಿಟ್ಟಾಯ್ತು. 1914ರಲ್ಲಿ ಪಂಚಾಯಿತಿ ತೀರ್ಪು, ಅದರ ಮೇಲೆ ಮೇಲ್ಮನವಿ, ಕೊನೆಗೆ 1924ರ ಒಪ್ಪಂದ. ಮೈಸೂರು ಮಾಡಿದ್ದು ಜಾಣತನವೋ ಮೊಂಡುತನವೋ ಅನ್ನೋದಕ್ಕೆ ಕಾವೇರಿಯ ಯಾವ ದಡದಲ್ಲಿ ನಿಂತಿದ್ದೀವಿ ಅನ್ನೋದ್ರ ಮೇಲೆ ಉತ್ತರ ಬದಲಾಗುತ್ತೆ. ಆದರೆ ಇಂಜಿನಿಯರಿಂಗ್ ಲೆಕ್ಕದಲ್ಲಿ ಅಡಿಪಾಯಕ್ಕೆ ಎರಡನೇ ಅವಕಾಶ ಇರಲಿಲ್ಲ ಅನ್ನೋದಂತೂ ನಿಜ.

ಕೆಲಸ ಹೇಗಿತ್ತು ಅಂದ್ರೆ, ಚಿನ್ನದ ಗಣಿಗೆ ಹೆಚ್ಚು ವಿದ್ಯುತ್ ಕೊಡೋ ಒಪ್ಪಂದಕ್ಕೆ ಒಂದು ಗಡುವಿತ್ತು. ಪ್ರವಾಹ, ಮಲೇರಿಯಾ, ರಾತ್ರಿ ದೀಪದ ಬೆಳಕಲ್ಲಿ ಕೆಲಸ. ಸಾವಿರಾರು ಕೂಲಿಕಾರರು ಕಲ್ಲು ಹೊತ್ತರು. ಗಾರೆ ಸಿಮೆಂಟಿನದಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ. ಕನ್ನಂಬಾಡಿ ಹಳೇ ಊರು, ಸುತ್ತಲ ಹಳ್ಳಿಗಳು ನೀರಿನಡಿ ಹೋದವು. ಅಲ್ಲಿಂದ ಎದ್ದು ಹೋದ ಮನೆಗಳವರ ಹೆಸರು ಯಾವ ಫಲಕದಲ್ಲೂ ಇಲ್ಲ.

1930ರ ದಶಕದ ಆರಂಭಕ್ಕೆ ಕಟ್ಟೆ ಪೂರ್ತಿಯಾಯ್ತು. ಸುಮಾರು 2.6 ಕಿಲೋಮೀಟರ್ ಉದ್ದ, ಗರಿಷ್ಠ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಟಿವಿಯಲ್ಲಿ ದಿನಾ ಓಡೋ ಆ ಸಂಖ್ಯೆ ಇದೇ. 124.80 ಅಡಿ ಅಂದ್ರೆ 38 ಮೀಟರ್. ಈಗ ನಾವೇ ಲೆಕ್ಕ ಹಾಕಬಹುದು. ಅಷ್ಟು ಆಳದಲ್ಲಿ ಚದರ ಮೀಟರಿಗೆ 38 ಟನ್. ಅಷ್ಟು ಆಳ ಇರೋ ಕಡೆ ಕಟ್ಟೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 720 ಟನ್ ತಳ್ಳುಬಲ. ಸುಣ್ಣ, ಇಟ್ಟಿಗೆ ಪುಡಿ ಮತ್ತು ಕಲ್ಲು ಇದನ್ನ ಸುಮಾರು ತೊಂಬತ್ತು ವರ್ಷಗಳಿಂದ ತಡ್ಕೊಂಡಿವೆ.

ದಿವಾನಗಿರಿ ಮತ್ತು ಒಂದು ಕಷ್ಟದ ಪ್ರಶ್ನೆ

ದಿವಾನರಾಗಿದ್ದ ಆರು ವರ್ಷದಲ್ಲಿ ಅವರ ಕಾಲದಲ್ಲಿ ಆದದ್ದು ಬಹಳ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಕನ್ನಡ ಸಂಘದಲ್ಲಿ ಕೂತು ಇಂಜಿನಿಯರಿಂಗ್ ಓದ್ತಾ ಇರೋ ನಮ್ಮಂಥವರಿಗೆ ಈ ಪಟ್ಟಿಯಲ್ಲಿ ಕನಿಷ್ಠ ಎರಡು ಸಾಲ ಇದೆ.

ಆದರೆ ಭಾಷಣಗಳಲ್ಲಿ ಹೇಳದ ಒಂದು ಸಂಗತಿಯನ್ನ ಬಿಟ್ಟು ಮುಂದೆ ಹೋಗೋದು ಸರಿಯಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಬೇಕು ಅನ್ನೋ ಬೇಡಿಕೆ ಆಗ ಜೋರಾಗಿತ್ತು. ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ರು. ಅರ್ಹತೆ ಒಂದೇ ಅಳತೆಗೋಲಾಗಬೇಕು ಅನ್ನೋದು ವಿಶ್ವೇಶ್ವರಯ್ಯನವರ ನಿಲುವು. ಅವರು ಒಪ್ಪಲಿಲ್ಲ, ದಿವಾನಗಿರಿಯನ್ನೇ ಬಿಟ್ಟರು. 1921ರಲ್ಲಿ ಮೀಸಲಾತಿ ಆದೇಶ ಬಂತು.

ನಮ್ಮ ತರಗತಿಯಲ್ಲಿ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದ್ತಾ ಇರೋವರು ಎಷ್ಟೋ ಜನ ಇದ್ದೀವಿ. ಮಿಲ್ಲರ್ ಸಮಿತಿ ಇಲ್ಲದಿದ್ರೆ, ಅದರ ಹಿಂದಿನ ಹೋರಾಟ ಇಲ್ಲದಿದ್ರೆ, ನಮ್ಮಲ್ಲಿ ಅನೇಕರು ಇಲ್ಲಿ ಇರ್ತಿರಲಿಲ್ಲ. ಎಂವಿ ಕಟ್ಟಿದ ಕಾಲೇಜಿನ ದಾರಿಯೂ ನಮಗೆ ಬೇಕಿತ್ತು, ಎಂವಿ ಒಪ್ಪದ ಮೀಸಲಾತಿಯ ದಾರಿಯೂ ಬೇಕಿತ್ತು. ಒತ್ತಡ ಆಳದಲ್ಲೇ ಹೆಚ್ಚು ಅನ್ನೋದನ್ನ ನೀರಿನ ವಿಷಯದಲ್ಲಿ ಅಷ್ಟು ಚೆನ್ನಾಗಿ ತಿಳಿದಿದ್ದವರಿಗೆ ಸಮಾಜದ ತಳದಲ್ಲಿದ್ದವರ ಮೇಲಿನ ಒತ್ತಡ ಬೇರೆ ಥರ ಕಂಡಿತು. ಇದನ್ನ ಹೇಳಿದ್ರೆ ಅವರ ಕೆಲಸ ಸಣ್ಣದಾಗಲ್ಲ. ಒಬ್ಬ ಮನುಷ್ಯನನ್ನ ಪೂರ್ತಿ ಗೌರವಿಸೋದು ಅಂದ್ರೆ ಪೂರ್ತಿ ಓದೋದು ಅಂತ ನಮಗೆ ಅನ್ಸುತ್ತೆ.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಹೊಣೆ ಹೊತ್ತರು. ವಯಸ್ಸು 90 ದಾಟಿದ ಮೇಲೂ ಗಂಗಾ ನದಿಗೆ ಮೊಕಾಮಾದಲ್ಲಿ ಸೇತುವೆ ಎಲ್ಲಿ ಕಟ್ಟಬೇಕು ಅಂತ ಹೇಳೋಕೆ ಬಿಹಾರಕ್ಕೆ ಹೋಗಿ ಜಾಗ ನೋಡಿ ಬಂದ್ರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡ್ರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಕಳ್ಳಂಬೆಳ್ಳಕ್ಕೂ ಇದಕ್ಕೂ ಏನು ಸಂಬಂಧ?

ಒಂದು ಸಂಬಂಧ ಇದೆ. ಹೇಮಾವತಿ ನದಿ ಹರಿದು ಬಂದು ಕಾವೇರಿ ಸೇರೋದು ಕೆಆರ್‌ಎಸ್ ಹಿನ್ನೀರಿನಲ್ಲಿ. ಅದೇ ಹೇಮಾವತಿಯ ಸ್ವಲ್ಪ ನೀರು ಗೊರೂರು ಜಲಾಶಯದಿಂದ ನಾಲೆ ಹಿಡಿದು ತುಮಕೂರು ಜಿಲ್ಲೆಗೆ ಬರುತ್ತೆ, ಕಳ್ಳಂಬೆಳ್ಳ ಕೆರೆಗೂ ಬರುತ್ತೆ, ಅಲ್ಲಿಂದ ಶಿರಾ ಕಡೆ ಹೋಗುತ್ತೆ. ಅಂದ್ರೆ ಕನ್ನಂಬಾಡಿ ಕಟ್ಟೆಯನ್ನ ತಳ್ಳೋ ನೀರೂ ಕಳ್ಳಂಬೆಳ್ಳದ ಏರಿಯನ್ನ ತಳ್ಳೋ ನೀರೂ ಒಂದೇ ಹೊಳೆಯ ಮಕ್ಕಳು.

ವ್ಯತ್ಯಾಸ ನಾವು ನೋಡ್ಕೊಳ್ಳೋದ್ರಲ್ಲಿದೆ. ಕೆಆರ್‌ಎಸ್ ಮಟ್ಟ ಒಂದು ಅಡಿ ಏರಿದ್ರೆ ಟಿವಿಯಲ್ಲಿ ಸುದ್ದಿ. ನಮ್ಮ ಊರಿನ ಕೆರೆ ಏರಿ ಮೇಲೆ ಜಾಲಿ ಬೆಳೆದು ಬೇರು ಬಿಟ್ಟಿದ್ರೂ, ಕೋಡಿ ಬಾಯಿಗೆ ಕಸ ಕಟ್ಕೊಂಡಿದ್ರೂ, ತೂಬಿನ ಪಕ್ಕ ಜಿನುಗ್ತಾ ಇದ್ರೂ ಕೇಳೋರಿಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆಗೆ ನಾಲೆ ನೀರು ಬಂದಾಗ, ಒಳ್ಳೇ ಮಳೆ ಬಂದಾಗ, ಎಲ್ಲರಿಗೂ ಸಂಭ್ರಮ. ಬಾಗಿನ ಬಿಡ್ತೀವಿ. ಆದರೆ ಒಣಗಿ ಬಿರುಕು ಬಿಟ್ಟ ಏರಿಗೆ ತುಂಬಿದ ಕೆರೆಯ ಒತ್ತಡ ಒಂದೇ ಸಲ ಬಿದ್ದಾಗಲೇ ನಿಜವಾದ ಪರೀಕ್ಷೆ. ಮೂಸಿ ಮೇಲಿನ ಇನ್ನೂರು ಕೆರೆಗಳಲ್ಲಿ ಯಾವುದೂ ದೊಡ್ಡ ಹೆಸರಿನದಲ್ಲ. ಎಲ್ಲ ಸೇರಿ ಒಂದು ಊರನ್ನೇ ಮುಳುಗಿಸಿದವು.

ಹಾಗಾಗಿ ಈ ಸಲದ ಇಂಜಿನಿಯರ್ಸ್ ಡೇಗೆ ನಮ್ಮದೊಂದು ಸಣ್ಣ ಕೋರಿಕೆ. ರಜಕ್ಕೆ ಊರಿಗೆ ಹೋದಾಗ ನಿಮ್ಮೂರ ಕೆರೆ ಏರಿಯ ಹಿಂಬದಿ ಒಂದು ಸಲ ನಡೆದು ನೋಡಿ. ಎಲ್ಲಿ ಒದ್ದೆ ಇದೆ, ಎಲ್ಲಿ ಬಿಲ ಇದೆ, ಕೋಡಿ ಖಾಲಿ ಇದೆಯಾ, ತೂಬು ತಿರುಗುತ್ತಾ, ಇಷ್ಟು ಬರ್ಕೊಂಡು ಗ್ರಾಮ ಪಂಚಾಯಿತಿಗೆ ಕೊಡಿ. ನೀರು ಎಷ್ಟು ಆಳ ಅಂತ ಊರಿನ ಹಿರಿಯರನ್ನ ಕೇಳಿ, ತಳ್ಳೋ ಬಲ ನೀವೇ ಲೆಕ್ಕ ಹಾಕಿ. ಆಳದ ವರ್ಗದ ಅರ್ಧ, ಮೀಟರಿಗೆ ಅಷ್ಟು ಟನ್. ಇಷ್ಟು ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ.